ಕೂದಲ ಕಾಯಕ ಮತ್ತು ನಮ್ಮ ಮನೆಯ ಹೊಸ್ತಿಲು

(ಮಳವಳ್ಳಿ ತಾಲೂಕಿನ ಬಂಡೂರಿನಲ್ಲಿ ನಡೆದ ಮಾಸಿಕ ಶರಣ ಸಂಗಮದಲ್ಲಿ ನಿವೃತ್ತ ಸರ್ಕಾರಿ ಎಂಜಿನಿಯರ್ ಒಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ಹಡಪದ ಅಪ್ಪಣ್ಣನವರನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಪೂಜ್ಯರು ಅಪ್ಪಣೆ ಕೊಡಿಸಿದ್ದಾರೆ. ನಾನು ವಚನ ಪಂಡಿತನಲ್ಲ. ನಾಲೆ, ತೂಬು, ಸೇತುವೆಗಳ ಲೆಕ್ಕ ಹಾಕುತ್ತಾ ಸರ್ಕಾರದ ಅನ್ನ ತಿಂದವನು. ಹಾಗಾಗಿ ಗ್ರಂಥದಿಂದ ಶುರು ಮಾಡುವುದಿಲ್ಲ. ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯಿಂದ ಶುರು ಮಾಡುತ್ತೇನೆ. ಅದರಲ್ಲಿ ತಪ್ಪು ನನ್ನದು. ಅದನ್ನು ಮುಚ್ಚಿಟ್ಟು ಇಲ್ಲಿ ಕಾಯಕದ ಬಗ್ಗೆ ಭಾಷಣ ಮಾಡಿದರೆ ಅಪ್ಪಣ್ಣನವರು ಮೆಚ್ಚಲಾರರು.

ನನ್ನ ತಂಗಿಯ ಮಗಳು ಡಿಗ್ರಿ ಮುಗಿಸಿ ಬೆಂಗಳೂರಿಗೆ ಹೋದಳು. ಕಂಪ್ಯೂಟರ್ ಕೋರ್ಸು ಇರಬೇಕು ಎಂದುಕೊಂಡಿದ್ದೆವು. ಆರು ತಿಂಗಳ ನಂತರ ಬಂದು ಒಂದು ಸರ್ಟಿಫಿಕೇಟನ್ನು ದೇವರ ಮುಂದೆ ಇಟ್ಟಳು. ಹೇರ್ ಎಕ್ಸ್‌ಟೆನ್ಷನ್ ಟೆಕ್ನಿಷಿಯನ್ ಎಂದಿತ್ತು. ಹಾಗಂದರೆ ಏನೆಂದು ಕೇಳಿದೆ. 'ಕೂದ್ಲು ಕಮ್ಮಿ ಇರೋರ್ಗೆ, ಗಿಡ್ಡ ಇರೋರ್ಗೆ ಬೇರೆ ಕೂದ್ಲು ಸೇರಿಸೋ ಕೆಲ್ಸ ಮಾವ. ಮಳವಳ್ಳೀಲೇ ಅಂಗಡಿ ಹಾಕ್ತೀನಿ' ಅಂದಳು.

ನನ್ನ ಬಾಯಿಂದ ಬಂದ ಮಾತು ಇದು: 'ಲಿಂಗ ಕಟ್ಟಿದ ಮನೆ ಹೆಣ್ಣುಮಗಳು ಕಂಡೋರ ತಲೆ ಮುಟ್ಟೋ ಕೆಲ್ಸಕ್ಕೆ ಹೋಗೋದಾ?'

ಅವಳು ಜಗಳವಾಡಲಿಲ್ಲ. ಗೋಡೆಯ ಕಡೆ ನೋಡಿದಳು. ನಮ್ಮ ಪಡಸಾಲೆಯ ಗೋಡೆಯ ಮೇಲೆ ಬಸವಣ್ಣನವರ ಪಕ್ಕದಲ್ಲಿ ಅಪ್ಪಣ್ಣನವರ ಪಟವಿದೆ. ಅದನ್ನು ತಂದು ಹಾಕಿದವನು ನಾನೇ. 'ಅಪ್ಪಣ್ಣನೋರ್ ಫೋಟೋಗೆ ಹಾರ ಹಾಕಕ್ಕೆ ನಿಮ್ಗೆ ಕೈ ಬತ್ತದೆ ಮಾವ. ಅವರ ಕೆಲ್ಸ ನಾನು ಮಾಡ್ತೀನಿ ಅಂದ್ರೆ ಯಾಕೆ ಮಕ ಸೊಟ್ಟ ಆಯ್ತದೆ?' ಅಂದಳು.

ಉತ್ತರ ಇರಲಿಲ್ಲ. ಇವತ್ತು ನಾನು ಆಡುವ ಮಾತೆಲ್ಲ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಬಂಧುಗಳೇ, ಮೊದಲು ಈ ಕೆಲಸ ಹೊಸದೇನೂ ಅಲ್ಲ ಎಂಬುದನ್ನು ನೆನಪು ಮಾಡುತ್ತೇನೆ. ಇಲ್ಲಿ ಕುಳಿತಿರುವ ಹಿರಿಯ ತಾಯಂದಿರಿಗೆ ಚೌರಿ ಗೊತ್ತು. ನಮ್ಮ ಅವ್ವ ತಲೆ ಬಾಚಿದಾಗ ಬಾಚಣಿಗೆಗೆ ಬಂದ ಕೂದಲನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ ಗೋಡೆಯ ಸಂದಿಗೆ ಸಿಕ್ಕಿಸುತ್ತಿದ್ದರು. ವರ್ಷಕ್ಕಾಗುವಷ್ಟು ಸೇರಿದರೆ ಅದೇ ಒಂದು ಚೌರಿ. ಇಲ್ಲವಾದರೆ ಬೀದಿಯಲ್ಲಿ ಕೂಗುತ್ತಾ ಬರುವವನಿಗೆ ಕೊಟ್ಟು ಪಾತ್ರೆಯನ್ನೋ ಪಿನ್ನನ್ನೋ ತೆಗೆದುಕೊಳ್ಳುತ್ತಿದ್ದರು. ಮದುವೆ ಹೆಣ್ಣಿಗೆ ಮೊಗ್ಗಿನ ಜಡೆ ಹಾಕುವಾಗ ಚೌರಿ ಸೇರಿಸದೆ ಉದ್ದ ಬರುತ್ತಿತ್ತೇ? ಯಾರೂ ಅದನ್ನು ಹೀನ ಎನ್ನಲಿಲ್ಲ. ಏಕೆಂದರೆ ಅದನ್ನು ಮನೆಯ ಹೆಂಗಸರು ಮನೆಯ ಹೆಂಗಸಿಗೆ ಮಾಡುತ್ತಿದ್ದರು. ಅದೇ ಕೆಲಸಕ್ಕೆ ಕೂಲಿ ಪಡೆದು, ಬೇರೆಯವರ ತಲೆಗೆ ಮಾಡಿದ ಕೂಡಲೇ ನಮಗೆ ಜಾತಿ ನೆನಪಾಗುತ್ತದೆ.

ಆ ನೆನಪು ಎಲ್ಲಿಂದ ಬಂತು? ನನ್ನ ಬಾಲ್ಯದಿಂದ ಬಂತು. ನಮ್ಮ ಊರಿನ ಕ್ಷೌರಿಕರು ತಿಂಗಳಿಗೊಮ್ಮೆ ಬಂದು ಕೊಟ್ಟಿಗೆಯ ಪಕ್ಕದ ಹೊಂಗೆ ಮರದ ಕೆಳಗೆ ಕೂರುತ್ತಿದ್ದರು. ಜಗಲಿ ಹತ್ತುತ್ತಿರಲಿಲ್ಲ. ಅವರಿಗೆ ನಮ್ಮ ತಾತನ ವಯಸ್ಸು, ಆದರೂ ನಾವು ಹುಡುಗರು ಏಕವಚನದಲ್ಲಿ ಕೂಗುತ್ತಿದ್ದೆವು. ಕ್ಷೌರ ಮಾಡಿಸಿಕೊಂಡು ಸ್ನಾನ ಮಾಡದೆ ಒಳಗೆ ಬರುವಂತಿರಲಿಲ್ಲ. ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ನಿಂತು ಆಯದ ರಾಗಿ, ಭತ್ತ ತೆಗೆದುಕೊಂಡು ಹೋಗುತ್ತಿದ್ದರು. ಮದುವೆಯಲ್ಲಿ ಅವರೇ ವಾಲಗ ಊದಬೇಕು. ಅವರ ಗಟ್ಟಿಮೇಳವಿಲ್ಲದೆ ತಾಳಿ ಕಟ್ಟುವಂತಿಲ್ಲ. ಊಟಕ್ಕೆ ಮಾತ್ರ ಕೊನೆಯ ಪಂಕ್ತಿ. ಆ ಮನೆಯ ಹೆಂಗಸರು ಎಷ್ಟೋ ಮನೆಗಳಲ್ಲಿ ಸೂಲಗಿತ್ತಿಯಾಗಿ ಮಗುವನ್ನು ಕೈಯಲ್ಲಿ ಹಿಡಿದವರು. ಹುಟ್ಟಿದಾಗ ಮೊದಲು ಮುಟ್ಟಿದ ಕೈಯನ್ನು ಬೆಳೆದ ಮೇಲೆ ನಾವು ಮೈಲಿಗೆ ಅಂದೆವು.

ಈಗ ಅಪ್ಪಣ್ಣನವರ ವಿಷಯಕ್ಕೆ ಬರೋಣ. ಹಡಪ ಎಂದರೆ ಎಲೆ ಅಡಿಕೆಯ ಸಂಚಿ. ಬಸವಣ್ಣನವರ ಬಳಿ ಹಡಪ ಹಿಡಿದ ಕಾಯಕದವರು, ಅದರಿಂದ ಆ ಹೆಸರು ಎಂಬ ವಿವರಣೆ ಇದೆ. ಕ್ಷೌರಿಕ ಕಾಯಕದ ಸಮುದಾಯ ಅವರನ್ನು ತಮ್ಮ ಮೂಲಪುರುಷರೆಂದು ಕಂಡಿದೆ, ಉತ್ತರ ಕರ್ನಾಟಕದಲ್ಲಿ ಅವರ ಹೆಸರಿನಿಂದಲೇ ಗುರುತಿಸಿಕೊಂಡಿದೆ. ಆ ಸಮುದಾಯದ ಹಿರಿಯರು ಒಂದು ಮಾತು ಹೇಳುತ್ತಾರೆ. ಬೆಳಗ್ಗೆ ಎದ್ದು ಕ್ಷೌರಿಕನ ಮುಖ ಕಂಡರೆ ಅಪಶಕುನ ಎನ್ನುತ್ತಿದ್ದ ಕಾಲ ಅದು. ಬಸವಣ್ಣನವರು ಮಾಡಿದ್ದೇನೆಂದರೆ, ತಮ್ಮನ್ನು ಕಾಣಲು ಬರುವವರು ಮೊದಲು ಅಪ್ಪಣ್ಣನವರನ್ನು ಕಂಡೇ ಒಳಗೆ ಬರಬೇಕು ಎಂದು ಮಾಡಿದರು. ಯಾರ ಮುಖ ಬೇಡವೆಂದು ಲೋಕ ತಿರುಗಿಸಿಕೊಳ್ಳುತ್ತಿತ್ತೋ ಆ ಮುಖವೇ ಮಹಾಮನೆಯ ಬಾಗಿಲಾಯಿತು.

ಅಪ್ಪಣ್ಣನವರು ಬರಿಯ ಸೇವಕರಲ್ಲ, ವಚನಕಾರರು. ಬಸವಪ್ರಿಯ ಕೂಡಲಚೆನ್ನಬಸವಣ್ಣ ಎಂಬ ಅಂಕಿತದಲ್ಲಿ ಅವರ ವಚನಗಳಿವೆ. ಅವರ ಧರ್ಮಪತ್ನಿ ಲಿಂಗಮ್ಮನವರು ಅಪ್ಪಣ್ಣಪ್ರಿಯ ಚೆನ್ನಬಸವಣ್ಣ ಎಂಬ ಅಂಕಿತದಲ್ಲಿ ನೂರಕ್ಕೂ ಹೆಚ್ಚು ವಚನ ಬರೆದಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ಈ ಕಾಯಕದ ಮನೆಯ ಹೆಣ್ಣುಮಗಳು ಮನಸ್ಸಿನ ಚಂಚಲದ ಬಗ್ಗೆ, ಅನುಭಾವದ ಬಗ್ಗೆ ಮಾತಾಡಿದರು ಎಂಬುದನ್ನು ಯೋಚಿಸಿ. ಬಸವಣ್ಣನವರು ಕೊನೆಯ ದಿನಗಳಲ್ಲಿ ಕೂಡಲಸಂಗಮದಿಂದ ನೀಲಮ್ಮನವರನ್ನು ಕರೆತರಲು ಕಳುಹಿಸಿದ್ದು ಅಪ್ಪಣ್ಣನವರನ್ನೇ ಎಂದು ಪರಂಪರೆ ಹೇಳುತ್ತದೆ. ಕೃಷ್ಣಾ ತೀರದ ತಂಗಡಗಿಯಲ್ಲಿ ನೀಲಮ್ಮನವರ ಗದ್ದುಗೆ ಇದೆ, ಅದೇ ಊರಿನಲ್ಲಿ ಅಪ್ಪಣ್ಣನವರ ಪೀಠವೂ ಇದೆ.

ಇಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಮಾತು ಬಾಯಿಂದ ಬಂತು. ಗೊತ್ತಿರುವುದು ಪುಸ್ತಕದಲ್ಲಿತ್ತು, ಮೈಲಿಗೆ ಮೈಯಲ್ಲಿತ್ತು.

ನಮ್ಮ ಸೀಮೆಯವರಿಗೆ ಇದನ್ನು ತಿಳಿಸಲು ಕಲ್ಯಾಣದವರೆಗೂ ಹೋಗಬೇಕಿಲ್ಲ. ಇದೇ ಮಳವಳ್ಳಿ ತಾಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯವರ ಮಠವಿದೆ. ನೀಲಗಾರರು ತಂಬೂರಿ ಹಿಡಿದು ಹಾಡುವ ಕಥೆಯನ್ನು ನೀವೆಲ್ಲ ರಾತ್ರಿಯಿಡೀ ಕೂತು ಕೇಳಿದ್ದೀರಿ. ಮಂಟೇದಯ್ಯ ಹೊಲಸು ಮೈಯ, ನೋಡಿದವರು ಹೇಸುವ ರೂಪದಲ್ಲಿ ಕಲ್ಯಾಣದ ಬಾಗಿಲಿಗೆ ಬರುತ್ತಾರೆ. ಸಾವಿರಾರು ಜಂಗಮರಿಗೆ ಊಟ ನಡೆಯುತ್ತಿರುವ ಊರಿನಲ್ಲಿ ಬಾಗಿಲಲ್ಲಿದ್ದವರು ಅವರನ್ನು ಒಳಗೆ ಬಿಡುವುದಿಲ್ಲ. ಶರಣರ ಊರೆಂದು ಬೋರ್ಡು ಹಾಕಿದ ಮಾತ್ರಕ್ಕೆ ಆಗುವುದಿಲ್ಲ, ಬಾಗಿಲಲ್ಲಿ ನಿಂತವನು ಪರೀಕ್ಷೆಯಲ್ಲಿ ಪಾಸಾಗಬೇಕು ಎಂದು ನಮ್ಮ ಜನಪದ ನಮಗೆ ಹೇಳಿಕೊಟ್ಟಿದೆ. ಆ ದಿನ ನಮ್ಮ ಮನೆಯ ಬಾಗಿಲಲ್ಲಿ ನಿಂತವನು ನಾನು. ಫೇಲಾದೆ.

ಇನ್ನೊಂದು ಆಕ್ಷೇಪ ನಿಮ್ಮಲ್ಲಿ ಕೆಲವರಿಗೆ ಇರಬಹುದು. ಕ್ಷೌರ ಬೇಕಾದ ಕೆಲಸ, ಒಪ್ಪೋಣ. ಆದರೆ ಇಲ್ಲದ ಕೂದಲು ಅಂಟಿಸುವುದು ಆಡಂಬರವಲ್ಲವೇ? ಶರಣರು ಆಡಂಬರ ಬೇಡವೆಂದರಲ್ಲವೇ? ನ್ಯಾಯವಾದ ಪ್ರಶ್ನೆ. ಅಕ್ಕಮಹಾದೇವಿಯವರನ್ನು ನೆನೆಯೋಣ. ಸೀರೆ ಬಿಟ್ಟ ಅಕ್ಕ ಕೂದಲನ್ನೇ ಹೊದ್ದು ಅನುಭವ ಮಂಟಪಕ್ಕೆ ಬಂದರು. ಎಲ್ಲವನ್ನೂ ಬಿಟ್ಟವಳಿಗೆ ಈ ಕೂದಲ ಮರೆ ಏಕೆ ಎಂದು ಅಲ್ಲಮಪ್ರಭುಗಳು ಕೇಳಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಈ ಮರೆ ನನಗಾಗಿ ಅಲ್ಲ, ನೋಡುವ ನಿಮಗೆ ನೋವಾಗಬಾರದೆಂದು ಎಂಬ ಅರ್ಥದಲ್ಲಿ ಅಕ್ಕ ಉತ್ತರ ಕೊಟ್ಟರು. ಅಂಥ ಅಕ್ಕನಿಗೂ ಲೋಕದ ಕಣ್ಣು ಒಂದು ವಾಸ್ತವವಾಗಿತ್ತು. ನಮ್ಮಂಥ ಸಾಮಾನ್ಯರ ಮನೆಯ ಹೆಣ್ಣುಮಕ್ಕಳಿಗೆ ಇಲ್ಲವೇ? ಹೆರಿಗೆಯಾದ ಮೇಲೆ, ದೊಡ್ಡ ಜ್ವರ ಬಂದು ಹೋದ ಮೇಲೆ ತಲೆ ಬೋಳಾಗುತ್ತಾ ಬಂದವಳು ಮದುವೆಮನೆಗೆ ಹೋಗುವುದನ್ನೇ ಬಿಡುತ್ತಾಳೆ. ಅವಳಿಗೆ ಆಡಂಬರದ ಪಾಠ ಹೇಳುವ ಮೊದಲು ನಾವು ಗಂಡಸರು ನಮ್ಮ ತಲೆಗೆ ಬಳಿಯುವ ಬಣ್ಣದ ಡಬ್ಬಿ ನೋಡಿಕೊಳ್ಳೋಣ. (ನಗು)

ಹಾಗೆಂದು ಈ ಕೆಲಸದಲ್ಲಿ ಆಡಂಬರ, ಮೋಸ ಇಲ್ಲವೆಂದಲ್ಲ. ಬೇಕಾದಷ್ಟಿದೆ. ಅದಕ್ಕೇ ಶರಣರು ಸತ್ಯಶುದ್ಧ ಕಾಯಕ ಎಂದರು. ಬರಿಯ ಕೆಲಸ ಕಾಯಕವಾಗುವುದಿಲ್ಲ. ಹೊಸದಾಗಿ ಕಲಿತು ಬಂದವರು ಎಲ್ಲಿ ಸತ್ಯ ಹೇಳಬೇಕಾಗುತ್ತದೆ ಎಂಬುದನ್ನು ನಾನು ಸೊಸೆಯ ಅಂಗಡಿಯಲ್ಲಿ ಕಣ್ಣಾರೆ ಕಂಡೆ.

ನಾನು ಎಂಜಿನಿಯರ್, ಭಾರದ ಲೆಕ್ಕ ಬಲ್ಲೆ. ಕೇಳಿ. ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿರುತ್ತವೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬೆಳೆಯುತ್ತದೆ. ಬೇರೆ ಕೂದಲು ಸೇರಿಸುವಾಗ ಸುಮಾರು ಒಂದು ಗ್ರಾಂ ತೂಗುವ ಸಣ್ಣ ಕಟ್ಟನ್ನು ತಲೆಯ ಅಷ್ಟೇ ದಪ್ಪದ ಕೂದಲಿಗೆ ಕೂಡಿಸುತ್ತಾರೆ. ಕೆಲವರು ಟೇಪಿನಿಂದ ಅಂಟಿಸುತ್ತಾರೆ, ಕೆಲವರು ಕೆರಾಟಿನ್ ಅಂಟನ್ನು ಬಿಸಿ ಮಾಡಿ ಕೂಡಿಸುತ್ತಾರೆ, ಕೆಲವರು ಸಣ್ಣ ಉಂಗುರ ಹಾಕಿ ಒತ್ತುತ್ತಾರೆ, ಕೆಲವರು ಹೆಣೆದು ಹೊಲಿಯುತ್ತಾರೆ. ತಲೆತುಂಬ ಹಾಕಿದರೆ 100ರಿಂದ 150 ಗ್ರಾಂ. ಇಷ್ಟು ಭಾರ ಏನು ಮಹಾ ಎಂದುಕೊಂಡೆ. ಆರೋಗ್ಯವಾದ ಒಂದೇ ಎಳೆ ಸುಮಾರು 100 ಗ್ರಾಂ ತಡೆಯಬಲ್ಲದು. ಅವಳು ನಕ್ಕಳು. 'ಮಾವ, ನಿಮ್ಮ ಸೇತ್ವೆ ಮುರಿಯೋದು ತೊಲೆಯಿಂದ್ಲೋ ಅಡಿಪಾಯದಿಂದ್ಲೋ?' ಅಂದಳು. ಸರಿಯಾದ ಮಾತು. ಎಳೆ ಗಟ್ಟಿ ಇರಬಹುದು. ಅದು ನೆಟ್ಟಿರುವ ಬೇರು ಮೆತ್ತಗಿನ ಮಣ್ಣಿನಲ್ಲಿದೆ. ಹಗಲೂ ರಾತ್ರಿ ಒಂದೇ ಕಡೆ ಎಳೆತ ಬಿದ್ದರೆ ಬೇರು ಸೊರಗುತ್ತದೆ, ಮೊದಲು ಹಣೆಯ ಅಂಚಿನಲ್ಲಿ, ಕೆನ್ನೆಪಕ್ಕದಲ್ಲಿ ಬೋಳಾಗುತ್ತದೆ. ಬೇಗ ಗಮನಿಸಿ ತೆಗೆದರೆ ಮತ್ತೆ ಬರುತ್ತದೆ. ವರ್ಷಗಟ್ಟಲೆ ಬಿಟ್ಟರೆ ಮತ್ತೆ ಬಾರದು.

ಆದ್ದರಿಂದ ಇದರಲ್ಲಿ ಶಿಸ್ತು ಬಹಳ. ಅಂಟು ನೆತ್ತಿಯ ಚರ್ಮಕ್ಕೆ ತಾಗಬಾರದು, ಒಂದಿಷ್ಟು ಜಾಗ ಬಿಡಬೇಕು. ಮೊದಲೇ ಕಿವಿಯ ಹಿಂದೆ ಅಂಟು ಹಚ್ಚಿ ಅಲರ್ಜಿ ನೋಡಬೇಕು. ಟೇಪಾದರೆ ಆರರಿಂದ ಎಂಟು ವಾರಕ್ಕೆ, ಕೆರಾಟಿನ್ ಆದರೆ ಮೂರು ನಾಲ್ಕು ತಿಂಗಳಿಗೆ ಬಿಚ್ಚಲೇಬೇಕು. ಬಿಚ್ಚುವುದಕ್ಕೆ ಬೇರೆ ದ್ರಾವಣವಿದೆ, ಕಿತ್ತರೆ ಬುಡಸಮೇತ ಬರುತ್ತದೆ. ನಮ್ಮ ಹುಡುಗಿ ಅಂಗಡಿ ತೆರೆಯುವ ಮೊದಲು ತನ್ನ ತಲೆಗೇ ಎಂಟು ಕಟ್ಟು ಹಾಕಿಸಿಕೊಂಡು ಮೂರು ತಿಂಗಳು ಇದ್ದಳು. ಏಕೆಂದು ಕೇಳಿದ್ದಕ್ಕೆ, 'ಮಲಗ್ದಾಗ ಎಲ್ಲಿ ಎಳೀತದೆ ಅಂತ ನಂಗೆ ಗೊತ್ತಿರ್ಬೇಕಲ್ವಾ' ಅಂದಳು. ಅದನ್ನು ಕೇಳಿದ ದಿನ ನನಗೆ ಅನ್ನಿಸಿತು, ಇವಳು ಮಾಡುತ್ತಿರುವುದು ಬರಿಯ ವ್ಯಾಪಾರವಲ್ಲ.

ಮೊದಲ ಗಿರಾಕಿಯ ಕಥೆ ಹೇಳುತ್ತೇನೆ. ಅಂಗಡಿ ಹಾಕಿ ಹನ್ನೊಂದು ದಿನ ಯಾರೂ ಬಂದಿರಲಿಲ್ಲ. ಹನ್ನೆರಡನೆಯ ದಿನ ಒಬ್ಬ ತಾಯಿ ಮಗಳನ್ನು ಕರೆತಂದರು. ಮದುವೆಗೆ ಇಪ್ಪತ್ತು ದಿನ. ಹುಡುಗಿಗೆ ಟೈಫಾಯ್ಡ್ ಆಗಿ ಮೂರು ತಿಂಗಳಾಗಿತ್ತು, ಕೂದಲು ಕೈತುಂಬ ಬರುತ್ತಿತ್ತು. ತಾಯಿ ಹದಿನೈದು ಸಾವಿರ ಕೊಡಲು ಸಿದ್ಧ. ನಮ್ಮ ಹುಡುಗಿಗೆ ಅಂಗಡಿಯ ಬಾಡಿಗೆ, ಸಾಲದ ಕಂತು ಎರಡೂ ಕಟ್ಟಬೇಕಿತ್ತು. ಅವಳು ಬೈತಲೆ ತೆಗೆದು ನೋಡಿ, 'ಈಗ ಹಾಕೋದು ಬ್ಯಾಡ ಅಕ್ಕ. ಇದು ಜ್ವರದ ಉದುರು, ನಾಲ್ಕೈದು ತಿಂಗ್ಳಲ್ಲಿ ತಾನಾಗೇ ಬತ್ತದೆ. ಈಗ ಭಾರ ಹಾಕಿದ್ರೆ ಬರೋದೂ ಹೋಯ್ತದೆ. ಚರ್ಮದ ಡಾಕ್ಟ್ರಿಗೆ ತೋರ್ಸಿ' ಅಂದಳು. ಮುಹೂರ್ತದ ದಿನ ಒಂದು ಹೊತ್ತಿಗೆ ಹಗುರವಾದ ಚೌರಿ ಸೇರಿಸಿ ಮೊಗ್ಗಿನ ಜಡೆ ಹಾಕಿಕೊಟ್ಟಳು. ಹದಿನೈದು ಸಾವಿರದ ಜಾಗದಲ್ಲಿ ಒಂದೂವರೆ ಸಾವಿರ. ಅವತ್ತು ರಾತ್ರಿ ನನ್ನ ತಂಗಿ ಅತ್ತಳು. 'ಅಣ್ಣ, ಇವಳಿಗೆ ಯಾಪಾರ ಬರಕಿಲ್ಲ' ಅಂದಳು. ನಾನು ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆದೆ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನಿಗೆ ಹಿಂದಕ್ಕೆ ಸುರಿದು ಬಾ ಎಂದ ತಾಯಿ. ನಮ್ಮ ಹುಡುಗಿ ಹಿಂದಕ್ಕೆ ಸುರಿದದ್ದು ಹದಿಮೂರೂವರೆ ಸಾವಿರ. ಆ ಮದುವೆಯ ಹೆಣ್ಣು ಮುಂದೆ ತನ್ನ ಬಳಗದವರನ್ನೆಲ್ಲ ಇವಳ ಬಳಿ ಕಳುಹಿಸಿದಳು. ಅವರು ಬಾರದಿದ್ದರೂ ಅವತ್ತಿನ ಕೆಲಸ ಸರಿಯೇ.

ಕಾಯಕ ಮಾಡುವವರಿಗೆ ಒಲ್ಲೆ ಎನ್ನುವ ಹಕ್ಕೂ ಇದೆ. 1890ರಲ್ಲಿ ಮುಂಬಯಿಯ ಕ್ಷೌರಿಕರು ವಿಧವೆಯರ ತಲೆ ಬೋಳಿಸುವುದಿಲ್ಲವೆಂದು ಮುಷ್ಕರ ಹೂಡಿದರು. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಚಳವಳಿಯ ನಾರಾಯಣ ಮೇಘಾಜಿ ಲೋಖಂಡೆ ಅವರಿಗೆ ಬೆಂಬಲವಾಗಿ ನಿಂತರು. ಕೂಲಿ ಹೋದರೂ ಸರಿ, ಹೆಣ್ಣಿನ ಮಾನ ಕಳೆಯುವುದಕ್ಕೆ ನಮ್ಮ ಕತ್ತಿ ಕೊಡುವುದಿಲ್ಲ ಎಂದು ನಿಂತ ಆ ಬಡ ಕ್ಷೌರಿಕರು ನನ್ನ ಲೆಕ್ಕದಲ್ಲಿ ಶರಣರೇ.

ಎರಡನೆಯ ಸತ್ಯ, ಈ ಕೂದಲು ಯಾರದು ಎಂಬುದು. ಮಹದೇಶ್ವರ ಬೆಟ್ಟದಲ್ಲಿ, ನಂಜನಗೂಡಿನಲ್ಲಿ, ತಿರುಮಲೆಯಲ್ಲಿ ನಮ್ಮವರು ಮುಡಿ ಕೊಟ್ಟು ಬರುತ್ತಾರೆ. ತಿರುಮಲೆಯಲ್ಲಿ ಆ ಮುಡಿ ಹರಾಜಾಗುತ್ತದೆ. ಬುಡದಿಂದ ಒಂದೇ ದಿಕ್ಕಿನಲ್ಲಿ ಕತ್ತರಿಸಿದ ಅಂಥ ಕೂದಲಿಗೆ ಬೆಲೆ ಹೆಚ್ಚು. ಕಾರಣ ಸರಳ. ಕೂದಲ ಮೇಲೆ ಮನೆಯ ಹಂಚಿನ ಹಾಗೆ ಪೊರೆಗಳಿವೆ, ಎಲ್ಲ ಒಂದೇ ಕಡೆಗೆ ಇಳಿಜಾರು. ಬಾಚಣಿಗೆಯಿಂದ ಬಂದ ಕೂದಲಿನಲ್ಲಿ ಬುಡ ತುದಿ ಬೆರೆತು ಒಂದರ ಹಂಚು ಇನ್ನೊಂದಕ್ಕೆ ಸಿಕ್ಕಿಕೊಂಡು ಗಂಟಾಗುತ್ತದೆ. ಅದನ್ನು ಆಮ್ಲದಲ್ಲಿ ತೊಳೆದು ಪೊರೆ ತೆಗೆದು ಸಿಲಿಕೋನ್ ಬಳಿದು ಹೊಳಪು ಕೊಡುತ್ತಾರೆ. ಕೆಲವು ಸಲ ತಲೆ ತೊಳೆದ ಮೇಲೆ ಹೊಳಪು ಹೋಗುತ್ತದೆ. ಎರಡನ್ನೂ ಒಂದೇ ಎಂದು ಮಾರುವವರಿದ್ದಾರೆ. ಹೊಸಬರು ಇದನ್ನು ಗಿರಾಕಿಗೆ ಬಿಡಿಸಿ ಹೇಳಬೇಕು. ತಗ್ಗಿನ ಕೂದಲನ್ನು ತಗ್ಗಿನ ಬೆಲೆಗೇ ಮಾರಬೇಕು.

ಆ ಬಾಚಣಿಗೆಯ ಕೂದಲನ್ನು ಬಿಡಿಸುವವರು ಯಾರು? ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಹೋದವರು ಊರಿಗೆ ಅಂಟಿಕೊಂಡಿರುವ ಭಾಗ್ಯನಗರವನ್ನು ನೋಡಿರಬಹುದು. ನೇಕಾರರ ಊರು. ಇವತ್ತು ಕೂದಲು ಸಂಸ್ಕರಣೆಗೂ ಹೆಸರಾಗಿದೆ. ಸಿಕ್ಕುಗೂದಲಿನ ಉಂಡೆಯನ್ನು ಹೆಂಗಸರು ಕೂತು ಎಳೆ ಎಳೆ ಬಿಡಿಸುತ್ತಾರೆ, ಮೊಳೆ ಹೊಡೆದ ಹಲಗೆಯ ಮೇಲೆ ಬಾಚುತ್ತಾರೆ, ಇಂಚಿನ ಲೆಕ್ಕದಲ್ಲಿ ಉದ್ದ ಬೇರೆ ಮಾಡಿ ಕಟ್ಟು ಕಟ್ಟುತ್ತಾರೆ. ದೂಳು, ಕೂದಲಿನ ಚೂರು ಮೂಗಿಗೆ ಹೋಗುತ್ತಲೇ ಇರುತ್ತದೆ. ಸಂಸ್ಕರಿಸದ ಕೂದಲಿನ ರಫ್ತಿಗೆ ಕೇಂದ್ರ ಸರ್ಕಾರ 2022ರ ಜನವರಿಯಲ್ಲಿ ನಿರ್ಬಂಧ ಹಾಕಿತು. ಹಸಿ ಮಾಲು ಹಾಗೇ ಹೊರದೇಶಕ್ಕೆ ಹೋದರೆ ಇಲ್ಲಿ ಬಿಡಿಸುವ ಕೈಗಳಿಗೆ ಕೆಲಸವಿಲ್ಲ. ಬೆಂಗಳೂರಿನ ತಂಪು ಕೋಣೆಯಲ್ಲಿ ಒಬ್ಬಳ ತಲೆಗೆ ಸೇರುವ ಕೂದಲಿನ ಹಿಂದೆ ಒಬ್ಬಳ ಹರಕೆ ಇದೆ, ಇನ್ನೊಬ್ಬಳ ಬೆರಳಿನ ನೋವಿದೆ. ಅದನ್ನು ತಿಳಿದು ಮುಟ್ಟುವುದು ಕಾಯಕ.

ಈಗ ನನಗೆ ಮುಖ್ಯವೆನಿಸಿದ ಮಾತಿಗೆ ಬರುತ್ತೇನೆ. ಇದು ನಿಮಗೆ ಸ್ವಲ್ಪ ಕಹಿ ಎನ್ನಿಸಬಹುದು.

ಅಂಗಡಿ ನಡೆಯಲು ಶುರುವಾದ ಮೇಲೆ ನೆಂಟರ ಮಾತು ಬದಲಾಯಿತು. 'ಟೆಕ್ನಿಷಿಯನ್ ಅಂತೆ, ಬೆಂಗ್ಳೂರಲ್ಲಿ ಟ್ರೈನಿಂಗ್ ಅಂತೆ' ಅನ್ನತೊಡಗಿದರು. ನಾನೂ ಹಾಗೇ ಹೇಳಿಕೊಂಡೆ. ಒಂದು ಸಂಬಂಧ ನೋಡಲು ಬಂದವರು ಹುಡುಗಿ ಏನು ಮಾಡುತ್ತಾಳೆ ಎಂದು ಕೇಳಿದಾಗ ಬ್ಯೂಟಿ ಫೀಲ್ಡಿನಲ್ಲಿದ್ದಾಳೆ ಎಂದೆ. ಕೂದಲು ಎಂಬ ಮಾತು ಬಾಯಿಗೆ ಬರಲಿಲ್ಲ. ಅವಳು ಒಳಗಿನಿಂದ ಕಾಫಿ ತಂದಿಟ್ಟು, 'ಕೂದ್ಲು ಸೇರ್ಸೋ ಕೆಲ್ಸ ಮಾಡ್ತೀನಿ, ಮಳವಳ್ಳೀಲಿ ನಂದೇ ಅಂಗ್ಡಿ' ಎಂದು ನೇರವಾಗಿ ಹೇಳಿದಳು. ಅವರೂ ವಿಭೂತಿ ಧರಿಸಿದವರೇ. ಕೂದಲ ಕೆಲಸವಂತೆ ಎಂದು ಆ ಸಂಬಂಧ ಮುಂದೆ ಹೋಗಲಿಲ್ಲ. ಅವರನ್ನು ನಾನು ಬೈಯುವಂತಿಲ್ಲ. ಅವರು ಆಡಿದ್ದು ನಾನು ಮೊದಲು ಆಡಿದ ಮಾತನ್ನೇ.

ಯೋಚಿಸಿ ಬಂಧುಗಳೇ. ಕೆಲಸ ಒಂದೇ, ಕೂದಲು. ನಮ್ಮ ಹುಡುಗಿ ಮಾಡಿದರೆ ಇಂಗ್ಲಿಷಿನಲ್ಲಿ ಟೆಕ್ನಿಷಿಯನ್. ಸವಿತಾ ಸಮಾಜದ ಹುಡುಗ ಮಾಡಿದರೆ ಆ ಹಳೆಯ ಬೈಗುಳದ ಹೆಸರು. ಇಂಗ್ಲಿಷ್ ಹೆಸರು ಇಟ್ಟ ಮೇಲಷ್ಟೇ ಕೆಲಸಕ್ಕೆ ಗೌರವ ಬರುವುದಾದರೆ ಅದು ಬಸವಣ್ಣನವರು ಕೊಟ್ಟ ಗೌರವ ಅಲ್ಲ, ಪೇಟೆ ಕೊಟ್ಟದ್ದು. ಪೇಟೆ ಕೊಟ್ಟದ್ದನ್ನು ಪೇಟೆ ಕಿತ್ತುಕೊಳ್ಳುತ್ತದೆ. 2020ರಲ್ಲಿ ನಂಜನಗೂಡು ತಾಲೂಕಿನ ಹಳ್ಳಿಯೊಂದರಲ್ಲಿ ಪರಿಶಿಷ್ಟರಿಗೆ ಕ್ಷೌರ ಮಾಡಿದರೆಂದು ಒಂದು ಕ್ಷೌರಿಕ ಕುಟುಂಬಕ್ಕೆ ದಂಡ, ಬಹಿಷ್ಕಾರ ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಹರಳಯ್ಯನವರ, ಮಧುವರಸರವರ ಬಲಿದಾನವನ್ನು ವರ್ಷಾವರ್ಷ ಸ್ಮರಿಸುವ ನಾವು ನಮ್ಮ ಕಾಲದಲ್ಲೇ, ನಮ್ಮ ನೆರೆಯಲ್ಲೇ ನಡೆದ ಇದನ್ನು ಓದಿ ಹಾಳೆ ತಿರುಗಿಸಿದೆವು.

ನಮ್ಮ ಹುಡುಗಿ ಈ ವಿಷಯದಲ್ಲಿ ನನಗಿಂತ ಮುಂದೆ ಹೋದಳು. ಸೇರಿಸಿದ ಕೂದಲು ತಲೆಯ ಕೂದಲಿನೊಡನೆ ಬೆರೆಯಬೇಕಾದರೆ ಕತ್ತರಿ ಕೈಯಲ್ಲಿ ಆಡಬೇಕು. ಆರು ತಿಂಗಳ ಕೋರ್ಸಿನಲ್ಲಿ ಆ ಕೈ ಬಂದಿರಲಿಲ್ಲ. ಪೇಟೆಯಲ್ಲಿ ನಲವತ್ತು ವರ್ಷದಿಂದ ಕತ್ತರಿ ಹಿಡಿದಿರುವ ಕ್ಷೌರಿಕ ಹಿರಿಯರೊಬ್ಬರ ಬಳಿ ಹೋಗಿ ಹೇಳಿಕೊಡಿ ಎಂದಳು. ಅವರು, 'ಅವ್ವ, ನೀನು ಲಿಂಗಾಯಿತರ ಮಗ. ನನ್ನತ್ರ ಕಲೀತಿಯಾ?' ಎಂದು ಎರಡು ಸಲ ಕೇಳಿದರಂತೆ. ಮಧ್ಯಾಹ್ನ ಅಂಗಡಿ ಖಾಲಿ ಇರುವ ಹೊತ್ತಿನಲ್ಲಿ ಎರಡು ತಿಂಗಳು ಕಲಿಸಿದರು. ಕತ್ತರಿಯನ್ನು ಹೆಬ್ಬೆರಳು ಮಾತ್ರ ಆಡಿಸಬೇಕು, ಮಿಕ್ಕ ಬೆರಳು ಅಲುಗಬಾರದು ಎಂಬುದೇ ಮೊದಲ ಪಾಠವಂತೆ. ದುಡ್ಡು ತೆಗೆದುಕೊಳ್ಳಲಿಲ್ಲ.

ಮೊದಲ ವರ್ಷ ಮುಗಿದಾಗ ಅವಳು ಆ ಹಿರಿಯರನ್ನು ಮನೆಗೆ ಕರೆದಳು. ಅವರು ಬಂದು ಅಂಗಳದಲ್ಲೇ ನಿಂತರು. ಒಳಗೆ ಬನ್ನಿ ಎಂದೆ. ಜಗಲಿಯವರೆಗೆ ಬಂದರು. ಹೊಂಗೆ ಮರದ ಕೆಳಗೆ ಕೂರುತ್ತಿದ್ದ ಅಜ್ಜ ನನಗೆ ನೆನಪಾದರು. ಅರವತ್ತು ದಾಟಿದ ನಾನು ಕೈ ಹಿಡಿದು ಹೊಸ್ತಿಲು ದಾಟಿಸಿದೆ. ಅಪ್ಪಣ್ಣನವರ ಪಟದ ಕೆಳಗೆ ಕುರ್ಚಿ ಹಾಕಿದೆವು. ಅವಳು ತಟ್ಟೆಯಲ್ಲಿ ಎಲೆ ಅಡಿಕೆ, ಹಣ್ಣು ಇಟ್ಟು ನಮಸ್ಕಾರ ಮಾಡಿದಳು. ಅವರೊಂದಿಗೆ ನಾವೆಲ್ಲ ಒಂದೇ ಪಂಕ್ತಿಯಲ್ಲಿ ಪ್ರಸಾದ ತೆಗೆದುಕೊಂಡೆವು. ಅವರು ಹೆಚ್ಚು ಮಾತಾಡಲಿಲ್ಲ. ಹೊರಡುವಾಗ, 'ನಿಮ್ಮಪ್ಪಾರ ಕಾಲ್ದಲ್ಲಿ ಈ ಮನೆ ಹಿತ್ಲಿಗೆ ಬಂದಿದ್ದೆ ಸ್ವಾಮಿ' ಅಂದರು. ಅಷ್ಟೇ.

ಮುಗಿಸುವ ಮೊದಲು ಮೂರು ಬಿನ್ನಹ.

ಒಂದು, ಮಕ್ಕಳು ಕೈಕೆಲಸ ಕಲಿತು ಬಂದರೆ ತಡೆಯಬೇಡಿ. ಕಲಿತು ಬಂದವರಿಗೂ ನನ್ನ ಮಾತಿದೆ. ಸಣ್ಣದಾಗಿ ಶುರು ಮಾಡಿ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಸಾಲ ಸಿಗುತ್ತದೆ, ಅದಕ್ಕಿಂತ ಹೆಚ್ಚಿಗೆ ಮೊದಲ ದಿನವೇ ಕೈಹಾಕಬೇಡಿ. ಪ್ರತಿ ಗಿರಾಕಿಗೂ ಹಾಕಿದ ದಿನ, ಬಿಚ್ಚಬೇಕಾದ ದಿನ ಪುಸ್ತಕದಲ್ಲಿ ಬರೆದಿಡಿ. ಬಾಚಣಿಗೆ, ಕ್ಲಿಪ್ಪು ಒಬ್ಬರಿಂದ ಒಬ್ಬರಿಗೆ ಹೋಗುವ ಮುನ್ನ ತೊಳೆಯಿರಿ. ಬೇಡವೆನ್ನಬೇಕಾದಲ್ಲಿ ಬೇಡವೆನ್ನಿ. ಕೈಕೆಳಗೆ ಕೆಲಸ ಮಾಡುವ ಹುಡುಗಿಗೆ ತಿಂಗಳ ಮೊದಲ ದಿನವೇ ಸಂಬಳ ಕೊಡಿ. ಉಳಿದದ್ದರಲ್ಲಿ ದಾಸೋಹಕ್ಕೆ ಒಂದು ಪಾಲು ತೆಗೆದಿಡಿ.

ಎರಡು, ಪರಂಪರೆಯಿಂದ ಈ ಕಾಯಕ ಮಾಡಿಕೊಂಡು ಬಂದವರನ್ನು ಹಿಂದೆ ತಳ್ಳಿ ನಾವು ಮುಂದೆ ಹೋಗಬಾರದು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ವೃತ್ತಿಗಳಲ್ಲಿ ಕ್ಷೌರಿಕ ವೃತ್ತಿಯೂ ಇದೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000, ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಶೇ. 5ರ ಬಡ್ಡಿಯಲ್ಲಿ ಸಾಲ. ಇದು ನಮ್ಮ ಮನೆಯ ಹುಡುಗಿಗೆ ಅಲ್ಲ, ಕುಲಕಸುಬಾಗಿ ಮಾಡಿಕೊಂಡು ಬಂದವರಿಗೆ. ಅರ್ಜಿ ತುಂಬಲು ಬಾರದವರು ಪ್ರತಿ ಊರಿನಲ್ಲೂ ಇದ್ದಾರೆ. ನಮ್ಮಂಥ ನಿವೃತ್ತರಿಗೆ ಬೇಕಾದಷ್ಟು ಸಮಯವಿದೆ. ನಾನು ಇದುವರೆಗೆ ನಾಲ್ಕು ಅರ್ಜಿ ತುಂಬಿಸಿಕೊಟ್ಟಿದ್ದೇನೆ. ಮುಂದಿನ ಸಂಗಮದ ಹೊತ್ತಿಗೆ ನೀವೂ ಒಂದೊಂದು ತುಂಬಿಸಿಕೊಡಿ.

ಮೂರು, ಅವರನ್ನು ಬಹುವಚನದಲ್ಲಿ ಕರೆಯಿರಿ. ಇದಕ್ಕೆ ದುಡ್ಡು ಬೇಡ, ಯೋಜನೆ ಬೇಡ. ನಾಳೆ ಬೆಳಗ್ಗೆಯೇ ಶುರು ಮಾಡಬಹುದು.

ಈ ಊರಿನ ಹೆಸರು ಒಂದು ಕುರಿ ತಳಿಗೆ ಅಂಟಿಕೊಂಡು ನಾಡಿನ ಆಚೆಗೂ ಹೋಗಿದೆ. ಆ ಹೆಸರು ತಂದುಕೊಟ್ಟವರು ತಲೆಮಾರುಗಳಿಂದ ಮರಿ ಆರಿಸಿ ಸಾಕಿದ ಸಾಮಾನ್ಯ ಜನ. ಅವರ ಹೆಸರನ್ನು ಯಾರೂ ಬರೆದಿಟ್ಟಿಲ್ಲ. ಬಂಡೂರಿನವರಿಗೆ ದುಡಿಮೆಯ ಬೆಲೆಯನ್ನು ನಾನು ಹೊಸದಾಗಿ ಹೇಳಬೇಕಿಲ್ಲ. ನನ್ನ ತಪ್ಪನ್ನು ನಿಮ್ಮ ಮುಂದೆ ಇಟ್ಟಿದ್ದೇನೆ. ನಿಮ್ಮ ಮನೆಯ ಮಗಳು ನಾಳೆ ಇಂಥದೇ ಒಂದು ಸರ್ಟಿಫಿಕೇಟ್ ತಂದು ದೇವರ ಮುಂದೆ ಇಟ್ಟರೆ, ನನ್ನ ಬಾಯಿಂದ ಬಂದ ಮಾತು ನಿಮ್ಮ ಬಾಯಿಂದ ಬಾರದಿರಲಿ.